ಓದುಗರ ಪ್ರಶ್ನೆಗಳಿಗೆ ಉತ್ತರ: ಕ್ರೈಸ್ತರೂ ಮುಸ್ಲಿಮರೂ ಒಬ್ಬರನ್ನೊಬ್ಬರು ಕುರಿತು ಬರೆದದ್ದು

ಐದನೆಯ ಕ್ರುಸೇಡ್ ಯುದ್ಧ ನಡೆಯುತ್ತಿದ್ದ 1219ರಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಈಜಿಪ್ಟಿನ ದಮಿಯೆತ್ತಾದ ಬಳಿ ಸುಲ್ತಾನ್ ಅಲ್ ಕಾಮಿಲನನ್ನು ಕಾಣಲು ನಿರಾಯುಧನಾಗಿ ಶತ್ರುಪಾಳೆಯಕ್ಕೆ ಹೋದ ಸಂಗತಿಯನ್ನು ಕಳೆದ ಸಂಚಿಕೆಯ ಒಂದು ಚಿಕ್ಕ ಟಿಪ್ಪಣಿಯಲ್ಲಿ ಬರೆದಿದ್ದೆ. ಅದನ್ನು ಓದಿದ ಅನೇಕರು ಈ ಎರಡು ಧರ್ಮಗಳ ನಡುವಿನ ಮಾತುಕತೆಯ ಬಗ್ಗೆ ಇನ್ನಷ್ಟು ಕೇಳಿ ಪತ್ರ ಬರೆದಿದ್ದಾರೆ. ಒಂದೇ ವಿಷಯದ ಪ್ರಶ್ನೆಗಳಾದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಈ ಎರಡು ಧರ್ಮಗಳ ಚರಿತ್ರೆ ಎಂದರೆ ಶಾಲೆಯಲ್ಲಿ ಓದಿದ ಕ್ರುಸೇಡ್ ಯುದ್ಧಗಳು ಮತ್ತು 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಸೇರಿದ್ದು, ಇಷ್ಟೇ ನೆನಪಿಗೆ ಬರುತ್ತದೆ. ಇವರ ನಡುವೆ ಬರವಣಿಗೆಯ ಸಂಬಂಧವೂ ಇತ್ತೇ? ಇದ್ದರೆ ಯಾವಾಗಿನಿಂದ?
— ಓದುಗರು, ಹಾವೇರಿ

ಮೊದಲ ದಿನದಿಂದಲೂ ಇತ್ತು ಎಂದೇ ಹೇಳಬೇಕು. ಕುರ್‌ಆನಿನ 19ನೆಯ ಅಧ್ಯಾಯದ ಹೆಸರೇ ‘ಮರಿಯಮ್’, ಅಂದರೆ ಯೇಸುವಿನ ತಾಯಿ ಮರಿಯಳ ಹೆಸರು. ಪುರೋಹಿತರೂ ಸಂನ್ಯಾಸಿಗಳೂ ತಮ್ಮಲ್ಲಿ ಇರುವುದರಿಂದ ಮತ್ತು ಅಹಂಕಾರ ಪಡದವರಾದ್ದರಿಂದ ಕ್ರೈಸ್ತರು ಸ್ನೇಹದಲ್ಲಿ ನಿಮಗೆ ಎಲ್ಲರಿಗಿಂತ ಹತ್ತಿರದವರು ಎಂಬ ಮಾತು ಐದನೆಯ ಅಧ್ಯಾಯದಲ್ಲಿದೆ. ‘ಮೂವರು’ ಎಂದು ಹೇಳಬೇಡಿ, ದೇವರು ಒಬ್ಬನೇ ಎಂಬ ಎಚ್ಚರಿಕೆ ನಾಲ್ಕನೆಯ ಅಧ್ಯಾಯದಲ್ಲಿದೆ. ಆತ್ಮೀಯತೆ, ಆಕ್ಷೇಪಣೆ ಎರಡೂ ಒಂದೇ ಗ್ರಂಥದಲ್ಲಿ ಹೀಗೆ ಅಕ್ಕಪಕ್ಕದಲ್ಲಿವೆ. ಮುಂದಿನ ಸಾವಿರದ ನಾನೂರು ವರ್ಷಗಳ ಬರವಣಿಗೆಯಲ್ಲಿ ಒಮ್ಮೆ ಒಂದರ ದನಿ, ಒಮ್ಮೆ ಇನ್ನೊಂದರ ದನಿ ಏರಿದೆ. ಮೆಕ್ಕಾದಲ್ಲಿ ಕಿರುಕುಳ ತಾಳಲಾರದೆ ಸುಮಾರು 615ರಲ್ಲಿ ಅಬಿಸೀನಿಯಾಕ್ಕೆ ವಲಸೆ ಹೋದ ಮೊದಲ ಮುಸ್ಲಿಮರು ಅಲ್ಲಿನ ಕ್ರೈಸ್ತ ದೊರೆಯ ಮುಂದೆ ಮರಿಯಮ್ ಅಧ್ಯಾಯವನ್ನು ಓದಿದರೆಂದೂ, ಅದನ್ನು ಕೇಳಿ ದೊರೆಯ ಕಣ್ಣಲ್ಲಿ ನೀರು ಬಂದಿತೆಂದೂ ಪ್ರವಾದಿಯ ಜೀವನಚರಿತ್ರೆ ಬರೆದ ಇಬ್ನ್ ಇಸ್ಹಾಕ್ ಹೇಳುತ್ತಾನೆ.

ಅನಂತರದ ಕಾಲದಲ್ಲಿ ಸಿರಿಯಾ, ಪ್ಯಾಲೆಸ್ತೀನ್, ಈಜಿಪ್ಟ್, ಮೆಸಪೊಟೇಮಿಯಾಗಳು ಖಲೀಫರ ಆಳ್ವಿಕೆಗೆ ಬಂದರೂ ಅಲ್ಲಿನ ಜನ ಬಹುಕಾಲ ಕ್ರೈಸ್ತರಾಗಿಯೇ ಉಳಿದಿದ್ದರು. ಆಳುವವರದೊಂದು ಧರ್ಮ, ನೆರೆಹೊರೆಯ ಹೆಚ್ಚಿನವರದು ಇನ್ನೊಂದು ಧರ್ಮ ಎಂಬ ಸ್ಥಿತಿಯಲ್ಲಿ ಪ್ರಶ್ನೆಗಳು ಹುಟ್ಟದೆ ಇರಲಾರವು. ಮೊದಲ ದೊಡ್ಡ ಉತ್ತರ ಬಂದದ್ದು ದಮಾಸ್ಕಸ್ಸಿನ ಯೋಹಾನನಿಂದ. ಅವನ ಮನೆತನದವರು ಉಮಯ್ಯದ್ ಖಲೀಫರ ಕಂದಾಯದ ಆಡಳಿತದಲ್ಲಿ ದೊಡ್ಡ ಅಧಿಕಾರಿಗಳಾಗಿದ್ದರು. ಯೋಹಾನ ಆ ಬದುಕನ್ನು ತೊರೆದು ಸಂನ್ಯಾಸಿಯಾದ. ಪಾಷಂಡ ಮತಗಳನ್ನು ಪಟ್ಟಿಮಾಡಿ ಗ್ರೀಕಿನಲ್ಲಿ ಬರೆದ ತನ್ನ ಗ್ರಂಥದ ಕೊನೆಯ ಭಾಗದಲ್ಲಿ ಅವನು ಇಸ್ಲಾಮಿಗೂ ಒಂದು ಅಧ್ಯಾಯ ಕೊಟ್ಟ. ಭಾಷೆ ಬಲು ಕಟು. ಪ್ರವಾದಿಯನ್ನು ಸುಳ್ಳು ಪ್ರವಾದಿ ಎಂದೇ ಕರೆಯುತ್ತಾನೆ. ಆದರೂ ಇಸ್ಲಾಮನ್ನು ಅವನು ಅನ್ಯಲೋಕದ ವಿಚಿತ್ರವೆಂದು ಕಾಣದೆ ತನ್ನ ಧರ್ಮದಿಂದಲೇ ಕವಲೊಡೆದ ತಪ್ಪು ಮತವೆಂದು ಎಣಿಸಿದ್ದನ್ನು ಗಮನಿಸಬೇಕು. ದೇವರಿಗೆ ಜೊತೆಗಾರನನ್ನು ಕಲ್ಪಿಸಿದವರು ನೀವು ಎಂದು ಮುಸ್ಲಿಮರು ನಮ್ಮನ್ನು ದೂರುತ್ತಾರೆ, ದೇವರಿಂದ ಅವನ ವಾಕ್ಯವನ್ನೂ ಆತ್ಮವನ್ನೂ ಕತ್ತರಿಸಿ ತೆಗೆದವರು ನೀವು ಎಂದು ನಾವು ಅವರಿಗೆ ಹೇಳಬೇಕು ಎಂಬ ಅವನ ವಾದ ಮುಂದೆ ನೂರಾರು ಕ್ರೈಸ್ತ ಲೇಖಕರ ಬಾಯಲ್ಲಿ ಬಂದಿದೆ.

ಇಂಥ ಯಾವುದೇ ಬರಹವನ್ನು ಕೈಗೆತ್ತಿಕೊಂಡಾಗ ಇದು ಯಾರು ಓದಲೆಂದು ಬರೆದದ್ದು ಎಂದು ನಾನು ಮೊದಲು ಕೇಳಿಕೊಳ್ಳುತ್ತೇನೆ. ಯೋಹಾನ ಬರೆದದ್ದು ಗ್ರೀಕಿನಲ್ಲಿ, ತನ್ನವರಿಗಾಗಿ. ಎದುರಿನವನು ಅದನ್ನು ಓದುತ್ತಾನೆಂಬ ನಿರೀಕ್ಷೆ ಅವನಿಗೆ ಇರಲಿಲ್ಲ. ಎದುರಿನವನೂ ಓದುತ್ತಾನೆ ಎಂಬ ಅರಿವು ಲೇಖಕನಿಗೆ ಬಂದಾಗ ಮಾತು ಎಷ್ಟು ಬದಲಾಗುತ್ತದೆಂಬುದು ಮುಂದಿನ ಉತ್ತರದಲ್ಲಿ ತಿಳಿಯುತ್ತದೆ.

ಬಾಗ್ದಾದಿನ ಖಲೀಫನೊಬ್ಬನೂ ಕ್ರೈಸ್ತ ಧರ್ಮಗುರುವೊಬ್ಬನೂ ಎರಡು ದಿನ ಕುಳಿತು ಧರ್ಮಚರ್ಚೆ ಮಾಡಿದರೆಂದು ಎಲ್ಲೋ ಓದಿದ್ದೆ. ಇದು ನಿಜವೋ ದಂತಕಥೆಯೋ?
— ಓದುಗರು, ಬೆಂಗಳೂರು

ನಿಜ. ಖಲೀಫ ಅಲ್ ಮಹ್ದಿ, 775ರಿಂದ 785ರವರೆಗೆ ಆಳಿದ ಅಬ್ಬಾಸಿದ್ ದೊರೆ. ಧರ್ಮಗುರು ಒಂದನೆಯ ತಿಮೊಥೆಯ, 780ರಿಂದ 823ರವರೆಗೆ ‘ಪೂರ್ವದ ಸಭೆ’ ಎಂದು ಹೆಸರಾದ ಚರ್ಚಿನ ಪರಮಾಧ್ಯಕ್ಷ. ಕೇರಳದ ಸುರಿಯಾನಿ ಕ್ರೈಸ್ತರು ಆ ಕಾಲದಲ್ಲಿ ಸಂಬಂಧ ಇಟ್ಟುಕೊಂಡಿದ್ದದ್ದು ಇದೇ ಚರ್ಚಿನೊಂದಿಗೆ. ಚರ್ಚೆ ನಡೆದದ್ದು 781ರ ಸುಮಾರಿಗೆ, ಅರಬ್ಬಿ ಭಾಷೆಯಲ್ಲಿ. ತಿಮೊಥೆಯ ಅದನ್ನು ಅನಂತರ ಸುರಿಯಾನಿ ಭಾಷೆಯಲ್ಲಿ ಒಬ್ಬ ಮಿತ್ರನಿಗೆ ಪತ್ರವಾಗಿ ಬರೆದ. ನಮ್ಮ ಕೈಯಲ್ಲಿರುವುದು ಒಂದು ಪಕ್ಷದವನು ಬರೆದಿಟ್ಟ ವರದಿ. ಅವನ ಉತ್ತರಗಳು ನಡೆದದ್ದಕ್ಕಿಂತ ತುಸು ಹೆಚ್ಚು ಒಪ್ಪವಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ. ಆದರೂ ಖಲೀಫನ ಪ್ರಶ್ನೆಗಳನ್ನು ಅವನು ದುರ್ಬಲಗೊಳಿಸಿಲ್ಲ ಎಂಬುದು ಓದುತ್ತಾ ಹೋದಂತೆ ಮನಸ್ಸಿಗೆ ಬರುತ್ತದೆ. ಸಂಸ್ಕೃತ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಅದರ ಪೂರ್ಣ ಬಲದಲ್ಲಿ ನಿಲ್ಲಿಸಿದ ಮೇಲೆಯೇ ಸಿದ್ಧಾಂತಕ್ಕೆ ಬೆಲೆ ಎಂದು ನಾವು ಹೇಳುತ್ತೇವಲ್ಲ, ಆ ಶಿಸ್ತು ಇಲ್ಲಿಯೂ ಇದೆ.

ನಿನ್ನಂಥ ವಿದ್ವಾಂಸನು ದೇವರು ಹೆಣ್ಣನ್ನು ಕೂಡಿ ಮಗನನ್ನು ಪಡೆದನೆಂದು ಹೇಳಬಹುದೇ ಎಂಬ ನೇರವಾದ ಪ್ರಶ್ನೆಯಿಂದ ಖಲೀಫ ಚರ್ಚೆಯನ್ನು ಆರಂಭಿಸುತ್ತಾನೆ. ಅಂಥ ದೈವನಿಂದೆಯನ್ನು ಯಾರು ತಾನೇ ಆಡಿಯಾರು ಎನ್ನುತ್ತಾನೆ ತಿಮೊಥೆಯ. ಸೂರ್ಯನಿಂದ ಬೆಳಕು ಹುಟ್ಟುವಂತೆ, ಮನಸ್ಸಿನಿಂದ ಮಾತು ಹುಟ್ಟುವಂತೆ ಮಗನು ತಂದೆಯಿಂದ ಹುಟ್ಟಿದನೆಂಬುದು ಅವನ ವಿವರಣೆ. ನಿಮ್ಮ ಗ್ರಂಥಗಳಲ್ಲಿ ನಮ್ಮ ಪ್ರವಾದಿಯ ಬಗ್ಗೆ ಇದ್ದ ಸಾಕ್ಷ್ಯಗಳನ್ನು ನೀವು ತೆಗೆದುಹಾಕಿದ್ದೀರಿ ಎಂದು ಖಲೀಫ ಹೇಳಿದಾಗ, ಹಾಗಾದರೆ ಕೆಡದೆ ಉಳಿದ ಮೂಲಪ್ರತಿ ಎಲ್ಲಿದೆ ಎಂದು ತಿಮೊಥೆಯ ತಿರುಗಿ ಕೇಳುತ್ತಾನೆ. ನಮಗೆ ಎದುರಾಳಿಗಳಾದ ಯೆಹೂದ್ಯರ ಕೈಯಲ್ಲಿಯೂ ಅದೇ ತೋರಾ ಇರುವಾಗ ಇಬ್ಬರೂ ಸೇರಿ ಅದನ್ನು ತಿದ್ದುವುದು ಹೇಗೆ ಸಾಧ್ಯ ಎಂದೂ ಸೇರಿಸುತ್ತಾನೆ.

ಎರಡನೆಯ ದಿನ ಅತ್ಯಂತ ಕಷ್ಟದ ಪ್ರಶ್ನೆ ಬರುತ್ತದೆ. ಮುಹಮ್ಮದರ ಬಗ್ಗೆ ನೀನು ಏನು ಹೇಳುತ್ತೀಯೆ? ಪ್ರವಾದಿ ಎಂದು ಒಪ್ಪಿದರೆ ಅವನು ಕ್ರೈಸ್ತನಾಗಿ ಉಳಿಯುವುದಿಲ್ಲ; ಅಲ್ಲವೆಂದು ಹಳಿದರೆ ದೊರೆಯ ಮುಂದೆ ಅವಮಾನದ ಮಾತಾಗುತ್ತದೆ. ವಿವೇಕಿಗಳಾದ ಎಲ್ಲರ ಪ್ರಶಂಸೆಗೂ ಮುಹಮ್ಮದ್ ಅರ್ಹರು, ಅವರು ಪ್ರವಾದಿಗಳ ದಾರಿಯಲ್ಲಿ ನಡೆದರು ಎಂದು ತಿಮೊಥೆಯ ಉತ್ತರಿಸುತ್ತಾನೆ. ಪ್ರವಾದಿಗಳಂತೆಯೇ ಅವರೂ ತಮ್ಮ ಜನರಿಗೆ ಒಬ್ಬನೇ ದೇವರನ್ನು ಬೋಧಿಸಿದರು, ವಿಗ್ರಹಾರಾಧನೆಯಿಂದಲೂ ಕೆಟ್ಟ ನಡತೆಯಿಂದಲೂ ಬಿಡಿಸಿದರು ಎಂದು ಅದಕ್ಕೆ ಕಾರಣವನ್ನೂ ಕೊಡುತ್ತಾನೆ. ಪ್ರವಾದಿಗಳ ದಾರಿಯಲ್ಲಿ ನಡೆದವರು ಎಂಬುದಕ್ಕೂ ಪ್ರವಾದಿ ಎಂಬುದಕ್ಕೂ ಅಂತರವಿದೆ, ಖಲೀಫನಿಗೂ ಅದು ತಿಳಿಯುತ್ತದೆ. ಇದನ್ನು ಬರೀ ಜಾಣತನ ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ತನ್ನ ನಂಬಿಕೆಯನ್ನು ಬಿಟ್ಟುಕೊಡದೆ ಎದುರಿನವನ ಧರ್ಮದಲ್ಲಿ ಪ್ರಾಮಾಣಿಕವಾಗಿ ಹೊಗಳಬಹುದಾದದ್ದು ಯಾವುದು ಎಂದು ಹುಡುಕಿದವನಿಗೆ ಮಾತ್ರ ಆ ವಾಕ್ಯ ಸಿಕ್ಕೀತು.

ಚರ್ಚೆ ಮುಗಿಯುವ ಹೊತ್ತಿಗೆ ತಿಮೊಥೆಯ ಒಂದು ಸಾಮತಿ ಹೇಳುತ್ತಾನೆ. ಕತ್ತಲು ಕವಿದ ಮನೆಯಲ್ಲಿ ನಡುರಾತ್ರಿ ಒಂದು ಮುತ್ತು ಬಿದ್ದಿದೆ. ಎಲ್ಲರೂ ತಡಕಾಡುತ್ತಾರೆ. ಒಬ್ಬನ ಕೈಗೆ ಮುತ್ತು, ಇನ್ನೊಬ್ಬನ ಕೈಗೆ ಗಾಜಿನ ಚೂರು, ಮತ್ತೊಬ್ಬನ ಕೈಗೆ ಕಲ್ಲು. ಮುತ್ತು ತನ್ನ ಹತ್ತಿರವೇ ಇದೆಯೆಂದು ಪ್ರತಿಯೊಬ್ಬನಿಗೂ ಸಂತೋಷ. ಬೆಳಗಾದ ಮೇಲೆಯೇ ನಿಜ ತಿಳಿಯುವುದು. ಈ ಲೋಕ ಆ ಕತ್ತಲ ಮನೆ, ನಿಜವಾದ ಧರ್ಮ ಆ ಮುತ್ತು. ಅಷ್ಟು ಹೇಳಿ ತಿಮೊಥೆಯ ಸುಮ್ಮನಾಗುವುದಿಲ್ಲ. ಮುತ್ತು ಯಾರ ಕೈಯಲ್ಲಿದೆಯೆಂಬುದಕ್ಕೆ ಈಗಲೂ ಕೆಲವು ಗುರುತುಗಳಿವೆ, ಅವು ನಮ್ಮ ಕಡೆಗಿವೆ ಎಂದೇ ವಾದಿಸುತ್ತಾನೆ. ಮುತ್ತು ನಮ್ಮ ಕೈಯಲ್ಲಿದೆಯೆಂಬ ಭರವಸೆ ದೇವರಲ್ಲಿ ನಮಗಿದೆ ಎನ್ನುತ್ತಾನೆ ಖಲೀಫ. ಹಾಗೆಯೇ ಆಗಲಿ, ಅದರ ಕಾಂತಿಯಲ್ಲಿ ನಿಮ್ಮೊಡನೆ ನಮಗೂ ಪಾಲು ಸಿಗಲಿ ಎನ್ನುತ್ತಾನೆ ತಿಮೊಥೆಯ. ಅರಿಸ್ಟಾಟಲನ ತರ್ಕಗ್ರಂಥವೊಂದನ್ನು, ಅಂದರೆ ವಾದ ಹೂಡುವ ಕ್ರಮವನ್ನು ಕಲಿಸುವ ‘ಟಾಪಿಕ್ಸ್’ ಅನ್ನು, ಅರಬ್ಬಿಗೆ ತರಿಸಲು ಅದೇ ಖಲೀಫ ಅದೇ ತಿಮೊಥೆಯನಿಗೆ ಒಪ್ಪಿಸಿದನೆಂಬುದನ್ನೂ ಇಲ್ಲಿ ಹೇಳಬೇಕು. ತನ್ನೊಡನೆ ವಾದಕ್ಕೆ ಕೂರುವವನ ಕೈಯಿಂದಲೇ ವಾದಶಾಸ್ತ್ರದ ಗ್ರಂಥವನ್ನು ಅನುವಾದ ಮಾಡಿಸಿದ ದೊರೆ ಅವನು.

ಖಲೀಫರ ಆಳ್ವಿಕೆಯಲ್ಲಿದ್ದ ಕ್ರೈಸ್ತರು ತಮ್ಮ ಭಾಷೆಯನ್ನು ಬಿಟ್ಟು ಅರಬ್ಬಿಯಲ್ಲಿ ಬರೆಯಲು ಆರಂಭಿಸಿದ್ದು ಒತ್ತಾಯದಿಂದಲೇ? ಅದರಿಂದ ಅವರು ಕಳೆದುಕೊಂಡದ್ದೇನು?
— ವಿದ್ಯಾರ್ಥಿನಿ, ಕಲಬುರಗಿ

ಆಡಳಿತದ ಭಾಷೆ ಅರಬ್ಬಿಯಾದ ಮೇಲೆ ಮನೆಯ ಮಾತೂ ನಿಧಾನವಾಗಿ ಬದಲಾಯಿತು. ಸುರಿಯಾನಿ, ಕೋಪ್ಟಿಕ್ ಭಾಷೆಗಳು ಕ್ರಮೇಣ ಚರ್ಚಿನ ಪೂಜೆಗೆ ಸೀಮಿತವಾದವು. ಒಂದು ಭಾಷೆ ಬಳಕೆಯಿಂದ ಹಿಂದೆ ಸರಿಯುವುದನ್ನು ಕನ್ನಡಿಗರು ಲಘುವಾಗಿ ತೆಗೆದುಕೊಳ್ಳಲಾರರು. ಆ ನಷ್ಟ ನಿಜವಾದ ನಷ್ಟವೇ. ಆದರೆ ಅರಬ್ಬಿಯಲ್ಲಿ ಬರೆದ ಕ್ರೈಸ್ತರು ಮಾಡಿದ ಕೆಲಸವನ್ನು ಶರಣಾಗತಿ ಎನ್ನಲಾಗದು. ಸೀನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿ ಸಿಕ್ಕಿದ, ಎಂಟನೆಯ ಶತಮಾನದ ಒಂದು ಅರಬ್ಬಿ ಬರಹ ತ್ರಿತ್ವವನ್ನು, ಅಂದರೆ ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಾಗಿದ್ದಾನೆಂಬ ಕ್ರೈಸ್ತ ಸಿದ್ಧಾಂತವನ್ನು, ಸಮರ್ಥಿಸುತ್ತದೆ. ಅದರ ಪ್ರಾರ್ಥನೆಯಲ್ಲಿ ಕುರ್‌ಆನಿನ ಪದಬಂಧಗಳೇ ಇವೆ, ವಾದಕ್ಕೆ ಆಧಾರವಾಗಿ ಕುರ್‌ಆನಿನ ವಾಕ್ಯಗಳನ್ನೂ ಅದು ಎತ್ತಿಕೊಳ್ಳುತ್ತದೆ. ಹರ್ರಾನಿನ ಬಿಷಪ್ ಥಿಯೊಡೋರ್ ಅಬೂ ಕುರ್ರಾ ಅದೇ ಭಾಷೆಯಲ್ಲಿ ಕ್ರೈಸ್ತ ದೇವತಾಶಾಸ್ತ್ರವನ್ನು ಕಟ್ಟಿದ. ಗ್ರೀಕಿನಲ್ಲಿ ಬರೆದಾಗ ಕೈಗೆಟುಕುತ್ತಿದ್ದ ಸಿದ್ಧಪದಗಳು ಅರಬ್ಬಿಯಲ್ಲಿ ಇರಲಿಲ್ಲ. ಇದ್ದ ಪದಗಳಿಗೆ ಆಗಲೇ ಇಸ್ಲಾಮಿನ ಅರ್ಥಛಾಯೆ ಅಂಟಿತ್ತು. ಪ್ರತಿಯೊಂದು ಪದವನ್ನೂ ಎದುರಿನವನ ಕಿವಿಯಿಂದ ಕೇಳಿ ನೋಡಿ ಬಳಸಬೇಕಾಯಿತು.

ಹೀಗೆ ಭಾಷೆ ಒಂದಾದದ್ದರ ಫಲವನ್ನು ನೋಡಬೇಕಾದರೆ ಒಂಬತ್ತು, ಹತ್ತನೆಯ ಶತಮಾನಗಳ ಬಾಗ್ದಾದಿಗೆ ಹೋಗಬೇಕು. ಗ್ರೀಕ್ ವೈದ್ಯ ಗೇಲನ್‌ನ 129 ಕೃತಿಗಳನ್ನು ಪಟ್ಟಿಮಾಡಿ, ಯಾವುದನ್ನು ಯಾರು ಯಾರಿಗಾಗಿ ಸುರಿಯಾನಿಗೆ ಅಥವಾ ಅರಬ್ಬಿಗೆ ತಂದರೆಂದು ಬರೆದಿಟ್ಟ ಹುನೈನ್ ಇಬ್ನ್ ಇಸ್ಹಾಕ್ ಅರಬ್ ಕ್ರೈಸ್ತ. ಅವನಿಂದ ಅನುವಾದ ಮಾಡಿಸಿದವರಲ್ಲಿ ಮುಸ್ಲಿಮರು ಬಹಳ ಮಂದಿ. ಅವನಿಗಿಂತಲೂ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸುವವನು ಯಹ್ಯಾ ಇಬ್ನ್ ಅದಿ. 893ರಲ್ಲಿ ಹುಟ್ಟಿ 974ರಲ್ಲಿ ತೀರಿಕೊಂಡ ಈ ಕ್ರೈಸ್ತ ತತ್ತ್ವಶಾಸ್ತ್ರಿ, ಮುಸ್ಲಿಂ ದಾರ್ಶನಿಕ ಅಲ್ ಫಾರಾಬಿಯ ಶಿಷ್ಯ. ಹೊಟ್ಟೆಪಾಡಿಗೆ ಪುಸ್ತಕಗಳ ಪ್ರತಿ ಮಾಡುತ್ತಿದ್ದ. ಕುರ್‌ಆನಿಗೆ ತಬರಿ ಬರೆದ ಬೃಹತ್ ವ್ಯಾಖ್ಯಾನವನ್ನು ಈತ ಎರಡು ಸಲ ಪ್ರತಿ ಮಾಡಿದ್ದನೆಂದೂ ಒಂದು ಹಗಲು ಒಂದು ರಾತ್ರಿಯಲ್ಲಿ ನೂರರಷ್ಟು ಹಾಳೆ ಬರೆಯುತ್ತಿದ್ದನೆಂದೂ ಅವನನ್ನು ಬಲ್ಲ ಪುಸ್ತಕ ವ್ಯಾಪಾರಿ ಇಬ್ನ್ ಅಲ್ ನದೀಮ್ ದಾಖಲಿಸಿದ್ದಾನೆ. ಕುರ್‌ಆನ್ ವ್ಯಾಖ್ಯಾನವನ್ನು ಅಕ್ಷರ ಬಿಡದೆ ಎರಡು ಬಾರಿ ಕೈಯಾರೆ ಬರೆದ ಕ್ರೈಸ್ತನಿಗೆ ಇಸ್ಲಾಂ ಗಾಳಿಮಾತಿನ ಸಂಗತಿಯಾಗಿರಲು ಸಾಧ್ಯವಿಲ್ಲ.

ಯಹ್ಯಾನಿಗಿಂತ ಒಂದು ಶತಮಾನ ಹಿಂದೆ ಅಬೂ ಈಸಾ ಅಲ್ ವರ್ರಾಕ್ ಎಂಬ ಮುಸ್ಲಿಂ ಚಿಂತಕ ಆಗಿನ ಮೂರು ಕ್ರೈಸ್ತ ಪಂಥಗಳನ್ನೂ ಖಂಡಿಸಿ ಗ್ರಂಥ ಬರೆದಿದ್ದ. ಕ್ರೈಸ್ತ ಸಿದ್ಧಾಂತಗಳನ್ನು ಒಳಗಿನಿಂದ ಬಲ್ಲವನು, ತರ್ಕದಲ್ಲಿ ಅತಿ ಚುರುಕು. ಸ್ವಧರ್ಮೀಯರಿಗೇ ಅವನ ಮೇಲೆ ಅನುಮಾನವಿದ್ದುದರಿಂದ ಅವನ ಕೃತಿಗಳನ್ನು ಯಾರೂ ಕಾಪಾಡಲಿಲ್ಲ. ಈ ಗ್ರಂಥ ಇಂದು ನಮಗೆ ಸಿಕ್ಕಿರುವುದು ಯಹ್ಯಾನಿಂದ. ಅದಕ್ಕೆ ಉತ್ತರ ಬರೆಯುವಾಗ ಅವನು ಎದುರಾಳಿಯ ಮಾತುಗಳನ್ನು ಒಂದೊಂದಾಗಿ ಉದ್ಧರಿಸಿ, ಅವುಗಳ ಕೆಳಗೆ ತನ್ನ ಉತ್ತರವನ್ನು ಕೊಟ್ಟ. ಮೂಲ ಕಳೆದುಹೋಯಿತು, ಉತ್ತರದ ಒಡಲಲ್ಲಿ ಪ್ರಶ್ನೆ ಬದುಕಿತು. ಕ್ರೈಸ್ತ ಧರ್ಮವನ್ನು ಅಷ್ಟು ಬಲವಾಗಿ ಖಂಡಿಸಿದ ಪುಸ್ತಕವನ್ನು ಸಾವಿರ ವರ್ಷ ಉಳಿಸಿಕೊಟ್ಟವನು ಕ್ರೈಸ್ತ. ನಮ್ಮಲ್ಲಿ ಲೋಕಾಯತರ ಮಾತುಗಳು ಹೆಚ್ಚಾಗಿ ಅವರ ವಿರೋಧಿಗಳ ಗ್ರಂಥಗಳಲ್ಲಿಯೇ ಉಳಿದಿರುವುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಎದುರಾಳಿಯ ಮಾತನ್ನು ತಿರುಚದೆ ಬರೆಯುವುದು ಆ ಲೇಖಕರಿಗೆ ಬರೀ ಸೌಜನ್ಯದ ಮಾತಾಗಿರಲಿಲ್ಲ, ವಿದ್ಯೆಯ ಧರ್ಮವೇ ಆಗಿತ್ತು.

ನೀವು ಒಳ್ಳೆಯದನ್ನಷ್ಟೇ ಆರಿಸಿ ಹೇಳುತ್ತಿಲ್ಲವೇ? ಪರಸ್ಪರ ದ್ವೇಷದ ಬರಹಗಳು ಇರಲಿಲ್ಲವೇ?
— ಓದುಗರು, ವಿಜಯಪುರ

ಇದ್ದವು, ಬಹಳ ಇದ್ದವು. ಇಸ್ಲಾಮೀ ರಾಜ್ಯದಲ್ಲಿ ಕ್ರೈಸ್ತರು ಸಂರಕ್ಷಿತ ಪ್ರಜೆಗಳಾಗಿದ್ದರೂ ಸಮಾನ ಪ್ರಜೆಗಳಾಗಿರಲಿಲ್ಲ. ತಲೆಗಂದಾಯ ಕೊಡಬೇಕಿತ್ತು, ಪ್ರವಾದಿಯನ್ನು ಬಹಿರಂಗವಾಗಿ ನಿಂದಿಸಿದರೆ ಮರಣದಂಡನೆಗೆ ಗುರಿಯಾಗಬೇಕಿತ್ತು. ಬಸ್ರಾದ ಮಹಾ ಗದ್ಯಕಾರ ಅಲ್ ಜಾಹಿಜ್ ಒಂಬತ್ತನೆಯ ಶತಮಾನದಲ್ಲಿ ಕ್ರೈಸ್ತರನ್ನು ಖಂಡಿಸಿ ಬರೆದ ಪ್ರಬಂಧದಲ್ಲಿ ಸಿದ್ಧಾಂತಕ್ಕಿಂತ ಹೆಚ್ಚಾಗಿ ಸಾಮಾಜಿಕ ಅಸಮಾಧಾನವೇ ಕಾಣುತ್ತದೆ. ಕ್ರೈಸ್ತರು ದೊರೆಗಳ ಬಳಿ ಕಾರಕೂನರು, ಶ್ರೀಮಂತರಿಗೆ ವೈದ್ಯರು, ಸುಗಂಧ ವ್ಯಾಪಾರಿಗಳು, ಹಣ ಬದಲಿಸುವವರು ಆಗಿರುವುದರಿಂದ ಜನಸಾಮಾನ್ಯರು ಅವರಿಗೆ ಬೇಡದ ಗೌರವ ಕೊಡುತ್ತಿದ್ದಾರೆಂಬುದು ಅವನ ದೂರು. ಸ್ಪೇನಿನ ಕಾರ್ದೋಬಾದಲ್ಲಿ 850ರಿಂದ 859ರ ನಡುವೆ ಸುಮಾರು ಐವತ್ತು ಕ್ರೈಸ್ತರು ಮರಣದಂಡನೆಗೆ ಗುರಿಯಾದರು. ಅವರಲ್ಲಿ ಹೆಚ್ಚಿನವರು ಇಸ್ಲಾಮನ್ನು ಬೇಕೆಂದೇ ಬಹಿರಂಗವಾಗಿ ನಿಂದಿಸಿದವರು. ಅವರ ಪರವಾಗಿ ಬರೆದ ಪಾಲ್ ಆಲ್ವಾರೊ, ನಮ್ಮ ಯುವಕರು ಅರಬ್ಬಿ ಕಾವ್ಯಕ್ಕೆ ಮರುಳಾಗಿದ್ದಾರೆ, ಮಿತ್ರನಿಗೆ ಲ್ಯಾಟಿನ್ನಿನಲ್ಲಿ ಒಂದು ಪತ್ರವನ್ನು ನೆಟ್ಟಗೆ ಬರೆಯಬಲ್ಲವನು ಸಾವಿರದಲ್ಲಿ ಒಬ್ಬ ಸಿಗುವುದೂ ಕಷ್ಟ ಎಂದು 854ರಲ್ಲಿ ಗೋಳಾಡುತ್ತಾನೆ. ಜಾಹಿಜ್ ಮತ್ತು ಆಲ್ವಾರೊ ಇಬ್ಬರ ಸಿಟ್ಟಿಗೂ ಮೂಲ ಒಂದೇ: ಎದುರಿನವರು ತಮ್ಮ ಬೀದಿಯಲ್ಲಿಯೇ ಇದ್ದಾರೆ, ತಮ್ಮವರು ಅವರನ್ನು ಮೆಚ್ಚುತ್ತಿದ್ದಾರೆ. ದೂರದಲ್ಲಿರುವವರ ಮೇಲೆ ಈ ಬಗೆಯ ಕೋಪ ಬರುವುದಿಲ್ಲ.

ವಾದವು ಶಿಷ್ಟವಾಗಿ ಆರಂಭವಾಗಿ ಉಗ್ರವಾದ ಉದಾಹರಣೆಯೂ ಇದೆ. ಸೀದೋನಿನ ಬಿಷಪ್ ಅಂತಿಯೋಕ್ಯದ ಪೌಲ 1200ರ ಆಸುಪಾಸಿನಲ್ಲಿ ಒಬ್ಬ ಮುಸ್ಲಿಂ ಮಿತ್ರನಿಗೆ ಅರಬ್ಬಿಯಲ್ಲಿ ಒಂದು ಪತ್ರ ಬರೆದ. ಕುರ್‌ಆನನ್ನು ನಾನು ಓದಿದ್ದೇನೆ, ಅದು ಅರಬ್ಬರಿಗಾಗಿ ಅರಬ್ಬಿಯಲ್ಲಿ ಬಂದ ಗ್ರಂಥವೆಂದು ಅದೇ ಹೇಳುತ್ತದೆ, ಆದ್ದರಿಂದ ನಾವು ಅದನ್ನು ಅನುಸರಿಸಬೇಕಾಗಿಲ್ಲ ಎಂಬುದು ಅದರ ತಿರುಳು. ಸೈಪ್ರಸ್ ದ್ವೀಪದಲ್ಲಿ ಈ ಪತ್ರವನ್ನು ಪರಿಷ್ಕರಿಸಿ 1316ರಲ್ಲಿ ದಮಾಸ್ಕಸ್ಸಿನ ವಿದ್ವಾಂಸ ಇಬ್ನ್ ತೈಮಿಯ್ಯಾಗೂ 1321ರಲ್ಲಿ ಅದೇ ಊರಿನ ಅಲ್ ದಿಮಶ್ಕಿಗೂ ಕಳುಹಿಸಲಾಯಿತು. ಇಬ್ನ್ ತೈಮಿಯ್ಯಾ ಕೊಟ್ಟ ಉತ್ತರ ಹಲವು ಸಂಪುಟಗಳಷ್ಟಿದೆ; ಯಾವ ರಿಯಾಯಿತಿಯನ್ನೂ ತೋರದ ಖಂಡನೆ ಅದು. ಅವನ ಕಾಠಿಣ್ಯವನ್ನು ನಾನು ಮುಚ್ಚಿಡಲಾರೆ. ಒಂದು ಸಣ್ಣ ಪತ್ರಕ್ಕೆ ಅಷ್ಟು ದೊಡ್ಡ ಗ್ರಂಥವನ್ನು ಬರೆದನೆಂದರೆ ಆ ಪತ್ರವನ್ನು ಅವನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದನೆಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ಹೇಳಬೇಕು.

ಕ್ರುಸೇಡ್ ಕಾಲದಲ್ಲಿ ಸಾಮಾನ್ಯ ಜನ ಹೇಗೆ ಬದುಕಿದ್ದರೆಂದು ತಿಳಿಸುವ ಬರಹವಿದೆಯೇ?
— ಓದುಗರು, ಚಿತ್ರದುರ್ಗ

ಸಿರಿಯಾದ ಸರದಾರ ಉಸಾಮಾ ಇಬ್ನ್ ಮುನ್‌ಕಿದ್, 1095ರಲ್ಲಿ ಹುಟ್ಟಿ 1188ರಲ್ಲಿ ತೀರಿಕೊಂಡವನು, ಮುಪ್ಪಿನಲ್ಲಿ ಬರೆಸಿದ ನೆನಪುಗಳಿವೆ. ಜೆರುಸಲೇಮಿನ ಅಲ್ ಅಕ್ಸಾ ಮಸೀದಿ ಆಗ ಟೆಂಪ್ಲರ್ ಎಂಬ ಕ್ರೈಸ್ತ ಸಂನ್ಯಾಸಿ ಯೋಧರ ಕೈಯಲ್ಲಿತ್ತು. ಆ ಯೋಧರು ಉಸಾಮಾನ ಸ್ನೇಹಿತರು. ಪಕ್ಕದಲ್ಲಿ ಚರ್ಚಾಗಿ ಮಾರ್ಪಟ್ಟಿದ್ದ ಸಣ್ಣ ಮಸೀದಿಯಲ್ಲಿ ಅವನ ನಮಾಜಿಗೆಂದು ಜಾಗ ತೆರವು ಮಾಡಿಕೊಡುತ್ತಿದ್ದರು. ಒಂದು ದಿನ ಅವನು ನಮಾಜಿಗೆ ನಿಂತಾಗ ಯೂರೋಪಿನಿಂದ ಹೊಸದಾಗಿ ಬಂದಿದ್ದ ಒಬ್ಬ ನುಗ್ಗಿ ಬಂದು ಅವನ ಮುಖವನ್ನು ಪೂರ್ವಕ್ಕೆ ತಿರುಗಿಸಿ, ಪ್ರಾರ್ಥನೆಯನ್ನು ಹೀಗೆ ಮಾಡು ಎಂದ. ಟೆಂಪ್ಲರರು ಅವನನ್ನು ಹೊರಗೆ ಎಳೆದೊಯ್ದರು, ಅವನು ಮತ್ತೆ ಬಂದು ಅದನ್ನೇ ಮಾಡಿದ. ಇವನು ಈಗಷ್ಟೇ ಬಂದವನು, ಇಲ್ಲಿಯದು ತಿಳಿಯದವನು ಎಂದು ಅವರು ಉಸಾಮಾನ ಕ್ಷಮೆ ಕೇಳಿದರು. ಫ್ರಾಂಕರ, ಅಂದರೆ ಯೂರೋಪಿನಿಂದ ಬಂದ ಕ್ರೈಸ್ತರ, ಬಗ್ಗೆ ಉಸಾಮಾನಿಗೆ ಮೆಚ್ಚುಗೆ ಕಡಿಮೆ. ಅವರ ವೈದ್ಯವನ್ನೂ ನಡವಳಿಕೆಯನ್ನೂ ಹಳಿಯುತ್ತಾನೆ. ಆದರೂ ಈ ಪ್ರಸಂಗವನ್ನು ಇದ್ದಂತೆ ಬರೆದಿಟ್ಟಿದ್ದಾನೆ.

ಯೂರೋಪಿನವರು ಕುರ್‌ಆನನ್ನು ಮೊದಲ ಬಾರಿಗೆ ಓದಿದ್ದು ಯಾವಾಗ?
— ನಿವೃತ್ತ ಅಧ್ಯಾಪಕರು, ಮೈಸೂರು

ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಪೀಟರ್ 1142ರಲ್ಲಿ ಸ್ಪೇನಿಗೆ ಹೋದಾಗ ಅರಬ್ಬಿ ಬಲ್ಲ ವಿದ್ವಾಂಸರನ್ನು ಹಣ ಕೊಟ್ಟು ಕುರ್‌ಆನನ್ನು ಲ್ಯಾಟಿನ್ನಿಗೆ ತರುವ ಕೆಲಸಕ್ಕೆ ಒಪ್ಪಿಸಿದ. ಅವರ ಜೊತೆಗೆ ಮುಹಮ್ಮದ್ ಎಂಬ ಹೆಸರಿನ ಮುಸ್ಲಿಂ ಸಹಾಯಕನೂ ಇದ್ದ. ಕೆಟ್ಟನ್ನಿನ ರಾಬರ್ಟ್ 1143ರಲ್ಲಿ ಲ್ಯಾಟಿನ್ ಅನುವಾದವನ್ನು ಮುಗಿಸಿದ. ತಲೆಬರಹದಲ್ಲಿಯೇ ಪ್ರವಾದಿಯನ್ನು ಸುಳ್ಳು ಪ್ರವಾದಿ ಎಂದು ಹಳಿದ ಆ ಅನುವಾದ ಮೂಲವನ್ನು ಹಿಗ್ಗಿಸಿ ಕುಗ್ಗಿಸಿ ಸಾರವನ್ನಷ್ಟೇ ಕೊಡುವಂಥದು. ಆದರೂ ಕ್ರುಸೇಡ್ ಕಾಲದಲ್ಲಿ ಶತ್ರುವಿನ ಗ್ರಂಥವನ್ನು ಓದಬೇಕೆಂದು ಒಬ್ಬ ಮಠಾಧಿಪತಿಗೆ ತೋರಿದ್ದೇ ದೊಡ್ಡದು. ಅನಂತರ ತಾನು ಬರೆದ ಖಂಡನಗ್ರಂಥದಲ್ಲಿ ಪೀಟರ್ ಮುಸ್ಲಿಮರನ್ನು ಸಂಬೋಧಿಸಿ, ನಮ್ಮವರು ಹಲವು ಸಲ ಮಾಡುವಂತೆ ಆಯುಧಗಳಿಂದಲ್ಲ, ಮಾತುಗಳಿಂದ, ಬಲದಿಂದಲ್ಲ, ವಿವೇಕದಿಂದ, ದ್ವೇಷದಿಂದಲ್ಲ, ಪ್ರೀತಿಯಿಂದ ನಿಮ್ಮ ಬಳಿಗೆ ಬರುತ್ತಿದ್ದೇನೆ ಎಂದು ಹೇಳುತ್ತಾನೆ. ಎಷ್ಟು ಸಲ ಓದಿದರೂ ಮನಸ್ಸನ್ನು ತಟ್ಟುವ ಮಾತು ಅದು. ದುಃಖದ ಸಂಗತಿಯೆಂದರೆ ಆ ಮಾತನ್ನು ಅವನು ಲ್ಯಾಟಿನ್ನಿನಲ್ಲಿ ಬರೆದ. ಯಾರನ್ನು ಕರೆದು ಹೇಳಿದನೋ ಅವರಿಗೆ ಆ ಭಾಷೆ ಬಾರದು.

ರಾಬರ್ಟನ ಅನುವಾದ ಮುದ್ರಣಗೊಂಡದ್ದು ನಾಲ್ಕು ನೂರು ವರ್ಷಗಳ ಬಳಿಕ, 1543ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಮುದ್ರಕ ಒಪೊರಿನಸ್‌ನನ್ನು ನಗರಸಭೆ ಸೆರೆಗೆ ಹಾಕಿತು. ಪುಸ್ತಕವನ್ನು ಹೊರತರಲು ಬಿಡಬೇಕೆಂದು ಪತ್ರ ಬರೆದವರಲ್ಲಿ ಮಾರ್ಟಿನ್ ಲೂಥರ್ ಒಬ್ಬ. ಇಸ್ಲಾಮಿನ ಮೇಲೆ ಲೂಥರನಿಗೆ ಎಳ್ಳಷ್ಟೂ ಒಲವಿರಲಿಲ್ಲ. ಕುರ್‌ಆನನ್ನು ಬೆಳಕಿಗೆ ತಂದರೆ ಅದೇ ಅದಕ್ಕೆ ದೊಡ್ಡ ಪೆಟ್ಟು ಎಂಬುದು ಅವನ ಲೆಕ್ಕವಾಗಿತ್ತು. ಕಾರಣ ಏನೇ ಇರಲಿ, ಪುಸ್ತಕ ಓದುಗರ ಕೈಗೆ ಬಂದಿತು.

ಈ ಚರಿತ್ರೆಗೂ ನಮ್ಮ ನಾಡಿಗೂ ಏನಾದರೂ ಸಂಬಂಧವಿದೆಯೇ?
— ಓದುಗರು, ಮಂಗಳೂರು

ಭಾರತಕ್ಕಂತೂ ಬಹಳ ಇದೆ. ಅಕ್ಬರನ ಆಹ್ವಾನದ ಮೇಲೆ ಗೋವೆಯಿಂದ ಹೊರಟ ಜೆಸುಇಟ್ ಪಾದ್ರಿಗಳು 1580ರಲ್ಲಿ ಫತೇಪುರ್ ಸಿಕ್ರಿಗೆ ತಲುಪಿ, ಹಲವು ಭಾಷೆಗಳ ಬೈಬಲಿನ ಸಂಪುಟಗಳನ್ನು ಕಾಣಿಕೆಯಾಗಿ ಕೊಟ್ಟರು. ಅನಂತರದ ತಂಡದಲ್ಲಿ ಬಂದ ಜೆರೋಮ್ ಷೇವಿಯರ್ ಪಾರ್ಸಿ ಭಾಷೆ ಕಲಿತು, ಲಾಹೋರಿನ ಅಬ್ದುಲ್ ಸತ್ತಾರ್ ಎಂಬ ಮುಸ್ಲಿಂ ವಿದ್ವಾಂಸನ ನೆರವಿನಿಂದ ಯೇಸುವಿನ ಚರಿತ್ರೆಯನ್ನು ಬರೆದು 1602ರಲ್ಲಿ ಅಕ್ಬರನಿಗೆ ಅರ್ಪಿಸಿದ. ಅಬ್ದುಲ್ ಸತ್ತಾರನೂ ಪಾದ್ರಿಗಳಿಂದ ಅವರ ಭಾಷೆಯನ್ನು ಕಲಿತ. ಷೇವಿಯರನ ಇನ್ನೊಂದು ವಾದಗ್ರಂಥ ಇರಾನಿನ ಇಸ್ಫಹಾನಿಗೆ ತಲುಪಿ, ಸಯ್ಯಿದ್ ಅಹ್ಮದ್ ಅಲವಿ ಅದಕ್ಕೆ ಖಂಡನೆ ಬರೆದ. ಆ ಖಂಡನೆ ರೋಮಿಗೆ ಹೋಗಿ 1631ರಲ್ಲಿ ಅಲ್ಲಿಂದ ಫಿಲಿಪ್ಪೊ ಗ್ವಾದಾಞೊಲಿಯ ಉತ್ತರ ಬಂದಿತು. ಮೊಗಲರ ಆಸ್ಥಾನದಲ್ಲಿ ಹುಟ್ಟಿದ ಒಂದು ವಾದ ಹೀಗೆ ಎರಡು ಖಂಡಗಳನ್ನು ದಾಟಿತು.

ಮಂಗಳೂರಿನವರು ಕೇಳಿದ್ದೀರಿ, ನಿಮ್ಮ ಊರಿಗೆ ತಾಗುವ ಒಂದು ಎಳೆಯನ್ನು ಹೇಳುತ್ತೇನೆ. 1834ರಲ್ಲಿ ಮಂಗಳೂರಿಗೆ ಬಂದು ನೆಲೆಸಿದ ಬಾಸೆಲ್ ಮಿಷನ್ನಿನ ಮೂಲಸ್ಥಾನ, ಮೇಲೆ ಹೇಳಿದ ಲ್ಯಾಟಿನ್ ಕುರ್‌ಆನ್ ಅಚ್ಚಾದ ಅದೇ ಬಾಸೆಲ್ ನಗರ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರೂ, 1894ರಲ್ಲಿ ಕನ್ನಡ ನಿಘಂಟನ್ನು ಕೊಟ್ಟ ಕಿಟ್ಟೆಲರೂ ಅಲ್ಲಿನ ಮಿಷನ್ ಶಾಲೆಯಲ್ಲಿ ಕಲಿತವರು. ಅವರಿಗಿಂತ ಮೊದಲು ಅದೇ ಶಾಲೆಯಲ್ಲಿ ಕಲಿತ ಕಾರ್ಲ್ ಫಾಂಡರ್ ಕಾಕಸಸ್ ಪ್ರಾಂತ್ಯಕ್ಕೆ ಹೋಗಿ, ಇಸ್ಲಾಮನ್ನು ಎದುರಿಸುವ ‘ಮೀಜಾನುಲ್ ಹಕ್’, ಅಂದರೆ ಸತ್ಯದ ತಕ್ಕಡಿ, ಎಂಬ ಗ್ರಂಥವನ್ನು ಬರೆದ. ಅದು ಪಾರ್ಸಿಯಲ್ಲಿಯೂ ಉರ್ದುವಿನಲ್ಲಿಯೂ ಹರಡಿತು. ಫಾಂಡರ್ ಮುಂದೆ ಉತ್ತರ ಭಾರತಕ್ಕೆ ಬಂದು ಇನ್ನೊಂದು ಮಿಷನ್ನನ್ನು ಸೇರಿದ. 1854ರ ಏಪ್ರಿಲ್ 10 ಮತ್ತು 11ರಂದು ಆಗ್ರಾದಲ್ಲಿ ಅವನಿಗೂ ಮೌಲಾನಾ ರಹಮತುಲ್ಲಾ ಕೈರಾನವಿಗೂ ಬಹಿರಂಗ ವಾದ ನಡೆಯಿತು. ರಹಮತುಲ್ಲಾರ ಜೊತೆಗೆ ಕುಳಿತಿದ್ದ ವೈದ್ಯ ವಜೀರ್ ಖಾನ್ ಇಂಗ್ಲಿಷ್ ಬಲ್ಲವರು. ಬೈಬಲಿನ ಪಾಠಭೇದಗಳನ್ನು ಕುರಿತು ಯೂರೋಪಿನ ಕ್ರೈಸ್ತ ವಿದ್ವಾಂಸರೇ ಬರೆದ ವಿಮರ್ಶೆಗಳನ್ನು ಅವರು ಸಂಗ್ರಹಿಸಿ ಓದಿದ್ದರು. ಪಾದ್ರಿಗಳು ಹಳೆಯ ಮಧ್ಯಯುಗದ ವಾದಗಳನ್ನು ನಿರೀಕ್ಷಿಸಿ ಬಂದಿದ್ದರು. ಎದುರಿಗೆ ಬಂದದ್ದು ಅವರ ಖಂಡದ ಹೊಸ ಸಂಶೋಧನೆ. ಹಸ್ತಪ್ರತಿಗಳಲ್ಲಿ ಲಿಪಿಕಾರರ ದೋಷಗಳಿವೆಯೆಂದು ಫಾಂಡರ್ ಒಪ್ಪಿಕೊಳ್ಳಬೇಕಾಯಿತು, ಆದರೆ ಮೂಲಸಿದ್ಧಾಂತಗಳಿಗೆ ಅದರಿಂದ ಬಾಧೆಯಿಲ್ಲವೆಂದ. ಐದು ವಿಷಯಗಳಲ್ಲಿ ಎರಡನ್ನಷ್ಟೇ ಚರ್ಚಿಸಿ ಸಭೆ ಮುಗಿಯಿತು. 1857ರ ಬಳಿಕ ರಹಮತುಲ್ಲಾ ದೇಶ ಬಿಟ್ಟು ಮೆಕ್ಕಾ ಸೇರಿದರು. 1864ರಲ್ಲಿ ಅವರು ಅರಬ್ಬಿಯಲ್ಲಿ ಬರೆದ ‘ಇಜ್‌ಹಾರುಲ್ ಹಕ್’ ಇಂದಿಗೂ ಓದಿಗೆ ಸಿಗುತ್ತದೆ. ಎರಡೂ ಪುಸ್ತಕಗಳ ವಾದದ ಕೆಚ್ಚು ದೊಡ್ಡದು, ಆದರೆ ತಿಮೊಥೆಯನ ಪತ್ರದಲ್ಲಿ ಸಿಗುವ ಉಸಿರಾಡುವ ಜಾಗ ಅವುಗಳಲ್ಲಿ ನನಗೆ ಸಿಗಲಿಲ್ಲ. ಗೆಲ್ಲಲೇಬೇಕೆಂಬ ಸಭೆಗಾಗಿ ಸಿದ್ಧಪಡಿಸಿದ ಮಾತುಗಳು ಅವು.

ಈ ಪತ್ರವ್ಯವಹಾರ ಈಗಲೂ ನಡೆದಿದೆಯೇ?
— ಓದುಗರು, ಮುಂಬೈ

ನಡೆದಿದೆ. 2006ರ ಸೆಪ್ಟೆಂಬರಿನಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟ್ ಜರ್ಮನಿಯ ರೇಗೆನ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಮಾತನಾಡುತ್ತಾ, ಬೈಜಾಂಟಿಯಮ್ಮಿನ ದೊರೆ ಎರಡನೆಯ ಮ್ಯಾನುಯೆಲ್ 1391ರ ಸುಮಾರಿಗೆ ಅಂಕಾರಾದಲ್ಲಿ ಒಬ್ಬ ಮುಸ್ಲಿಂ ವಿದ್ವಾಂಸನೊಡನೆ ನಡೆಸಿದ ಸಂವಾದದಿಂದ ಇಸ್ಲಾಮನ್ನು ಕುರಿತ ಒಂದು ಕಟುವಾಕ್ಯವನ್ನು ಉದ್ಧರಿಸಿದರು. ಹಲವು ದೇಶಗಳಲ್ಲಿ ಪ್ರತಿಭಟನೆಗಳು ನಡೆದವು. ದೀರ್ಘ ಸಂವಾದದಿಂದ ಒಂದೇ ವಾಕ್ಯವನ್ನು ಕಿತ್ತು ತೆಗೆದಾಗ ಆಗುವ ಅನ್ಯಾಯ ಅಲ್ಲಿ ಆಯಿತೆಂದು ನನ್ನ ಭಾವನೆ. ಅಂಕಾರಾದಲ್ಲಿ ಆ ಚಳಿಗಾಲ ದೊರೆಯೂ ವಿದ್ವಾಂಸನೂ ದಿನಗಟ್ಟಲೆ ಕುಳಿತು ಮಾತನಾಡಿದ್ದರೆಂಬುದು ಯಾರ ಗಮನಕ್ಕೂ ಬರಲಿಲ್ಲ.

ಒಂದು ತಿಂಗಳಲ್ಲಿ 38 ಮುಸ್ಲಿಂ ವಿದ್ವಾಂಸರು ಪೋಪರಿಗೆ ಬಹಿರಂಗ ಪತ್ರ ಬರೆದು ಭಾಷಣದ ದೋಷಗಳನ್ನು ಸೌಮ್ಯವಾಗಿ ಎತ್ತಿ ತೋರಿಸಿದರು. ವರ್ಷ ಕಳೆದ ಮೇಲೆ, 2007ರ ಅಕ್ಟೋಬರ್ 13ರಂದು, 138 ಮಂದಿ ಸಹಿ ಮಾಡಿದ ಇನ್ನೊಂದು ಪತ್ರ ಪೋಪರಿಗೂ ಉಳಿದ ಕ್ರೈಸ್ತ ಸಭೆಗಳ ಮುಖ್ಯಸ್ಥರಿಗೂ ಹೋಯಿತು. ‘ನಮ್ಮ ನಿಮ್ಮ ನಡುವಿನ ಸಮಾನ ಮಾತಿನ ಕಡೆಗೆ ಬನ್ನಿ’ ಎಂಬ ಕುರ್‌ಆನಿನ ಮೂರನೆಯ ಅಧ್ಯಾಯದ ಕರೆಯೇ ಅದರ ಶೀರ್ಷಿಕೆಗೆ ಮೂಲ. ದೇವರನ್ನು ಪ್ರೀತಿಸು, ನೆರೆಯವನನ್ನು ಪ್ರೀತಿಸು ಎಂಬ ಎರಡು ಆಜ್ಞೆಗಳನ್ನು ಕುರ್‌ಆನಿನಿಂದಲೂ ಪ್ರವಾದಿಯ ನುಡಿಗಳ ಸಂಗ್ರಹವಾದ ಹದೀಸಿನಿಂದಲೂ ಬೈಬಲಿನಿಂದಲೂ ಎತ್ತಿಕೊಂಡು ಅದು ಚರ್ಚಿಸುತ್ತದೆ. 2008ರ ನವೆಂಬರಿನಲ್ಲಿ ರೋಮಿನಲ್ಲಿ ಎರಡೂ ಕಡೆಯ ವಿದ್ವಾಂಸರು ಸೇರಿ ಕುಳಿತರು. ಈ ಪತ್ರದಲ್ಲಿ ಮುಸ್ಲಿಂ ವಿದ್ವಾಂಸರು ಸುವಾರ್ತೆಯ ವಾಕ್ಯಗಳನ್ನು ಎತ್ತಿದ್ದು ತಪ್ಪು ತೋರಿಸಲೆಂದಲ್ಲ, ಅವನ್ನು ಆಧಾರವಾಗಿ ಹಿಡಿಯಲೆಂದು. ಸೀನಾಯ್ ಮಠದ ಆ ಹೆಸರಿಲ್ಲದ ಅರಬ್ಬಿ ಲೇಖಕ ಸಾವಿರದ ಇನ್ನೂರು ವರ್ಷಗಳ ಹಿಂದೆ ಕುರ್‌ಆನಿನ ವಾಕ್ಯಗಳನ್ನು ಹಿಡಿದದ್ದೂ ಹೀಗೆಯೇ.